ಬಾನೆಟ್ ಕೆಳಗಿನ ಇತಿಹಾಸ, ಭಾಗ 4: ಎರಡನೇ ಬ್ಯಾಟರಿ ಯಾಕೆ ಬಂತು?

ಅರಸೀಕೆರೆ ಸ್ಟೇಷನ್ ಹೊರಗೆ ಬೇಲೂರು, ಹಳೇಬೀಡಿಗೆ ಹೋಗೋ ಟ್ಯಾಕ್ಸಿಗಳನ್ನ ನೋಡಿರ್ತೀರ. ಎರ್ಟಿಗಾ ಹಿಂದೆ ‘ಸ್ಮಾರ್ಟ್ ಹೈಬ್ರಿಡ್’ ಅಂತ ಇದ್ದರೆ ಅದು ಕರೆಂಟಲ್ಲಿ ಓಡುತ್ತೆ ಅಂದ್ಕೋಬೇಡಿ. ಬರೀ ಬ್ಯಾಟರಿ ಮೇಲೆ ಆ ಗಾಡಿ ಓಡಲ್ಲ. ಹಾಗಾದ್ರೆ ಆ ಹೆಸರು ಯಾಕೆ?

ಸ್ವಲ್ಪ ಹಿಂದಕ್ಕೆ ಹೋಗೋಣ. ಸೀಸದ ಬ್ಯಾಟರಿಯನ್ನ ಫ್ರಾನ್ಸಿನ ಪ್ಲಾಂಟೆ ಮಾಡಿದ್ದು 1859ರಲ್ಲಿ, ಅಂದ್ರೆ ಪೆಟ್ರೋಲ್ ಕಾರಿಗಿಂತ ಮೊದಲೇ. ಆಮೇಲೆ ಕಾರು ಬಂದರೂ ಎಂಜಿನ್ ಶುರು ಮಾಡೋದಕ್ಕೆ ಕೈಯಲ್ಲೇ ಹ್ಯಾಂಡಲ್ ತಿರುಗಿಸಬೇಕಿತ್ತು. ಹ್ಯಾಂಡಲ್ ವಾಪಸ್ ಒದ್ದರೆ ಕೈಮೂಳೆ ಮುರೀತಿತ್ತು. 1912ರ ಕ್ಯಾಡಿಲಾಕ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದ ಮೇಲೆ ಆ ಕಷ್ಟ ಬ್ಯಾಟರಿ ಪಾಲಿಗೆ ಹೋಯ್ತು. ನಮ್ಮಲ್ಲಿ ಮಾತ್ರ ಅಂಬಾಸಿಡರ್ ಡಿಕ್ಕಿಯಲ್ಲಿ ಹ್ಯಾಂಡಲ್ ಬಹಳ ಕಾಲ ಉಳಿದಿತ್ತು. ಮನೆಯ ಹಿರಿಯರನ್ನ ಕೇಳಿ, ಹೇಳ್ತಾರೆ.

12 ವೋಲ್ಟ್ ಬ್ಯಾಟರಿ ಒಳಗೆ ಆರು ಸೆಲ್, ಒಂದೊಂದು ಸುಮಾರು 2 ವೋಲ್ಟ್. ಸ್ಟಾರ್ಟ್ ಮಾಡುವಾಗ ಒಂದೆರಡು ಸೆಕೆಂಡ್ ಜೋರಾಗಿ ಕರೆಂಟ್ ಕೊಡುತ್ತೆ, ಆಮೇಲೆ ಆಲ್ಟರ್ನೇಟರ್ ಅದನ್ನ ತುಂಬಿಸುತ್ತೆ. ಕಾಮರ್ಸ್‌ನವರಿಗೆ ಹೇಳೋದಾದ್ರೆ ಇದು ಎಫ್‌ಡಿ ಥರ. ಪದೇ ಪದೇ ಮುರಿದರೆ ನಷ್ಟ ನಿಮಗೇ.

ತೊಂದರೆ ಶುರುವಾಗಿದ್ದು ಇಲ್ಲೇ. ಡೀಸೆಲ್ ಉಳಿಸೋಕೆ ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಂತು, ಮತ್ತೆ ತಾನೇ ಶುರುವಾಗಬೇಕು ಅಂದ್ರು. ಬ್ರೇಕ್ ಹಾಕಿದಾಗ ವ್ಯರ್ಥ ಹೋಗೋ ಶಕ್ತಿಯನ್ನೂ ಹಿಡಿಬೇಕು ಅಂದ್ರು. 2015ರ ಸಿಯಾಜ್ ಡೀಸೆಲ್ ಹೈಬ್ರಿಡ್ ಈ ಎರಡೂ ಕೆಲಸವನ್ನ ಒಂದೇ ಸೀಸದ ಬ್ಯಾಟರಿಗೆ ಹೊರಿಸಿತ್ತು, ಬ್ಯಾಟರಿಯನ್ನ ಸ್ವಲ್ಪ ಗಟ್ಟಿ ಮಾಡಿ. 2018ರ ಪೆಟ್ರೋಲ್ ಸಿಯಾಜ್, ಎರ್ಟಿಗಾಗಳಲ್ಲಿ ಜೊತೆಗೆ ಪುಟ್ಟ ಲಿಥಿಯಂ ಬ್ಯಾಟರಿ ಬಂತು. ಅದು ಕರೆಂಟ್ ಅಕೌಂಟ್: ದಿನಕ್ಕೆ ಎಷ್ಟು ಸಲ ಹಾಕಿ ತೆಗೆದರೂ ಬೇಜಾರಿಲ್ಲ. ಬೆಳಗ್ಗೆ ಮೊದಲ ಸ್ಟಾರ್ಟ್ ಮಾತ್ರ ಹಳೇ ಸೀಸದ್ದೇ ಕೆಲಸ.

ಈಗ ದುಡ್ಡಿನ ವಿಷಯ. ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದೇ. 2015ರ ಫೇಮ್ ಯೋಜನೆಯಲ್ಲಿ ಸಿಯಾಜ್ ಹೈಬ್ರಿಡ್‌ಗೆ 13,000 ರೂಪಾಯಿ ಸರ್ಕಾರಿ ನೆರವು ಇತ್ತು. 2017ರ ಏಪ್ರಿಲ್ 1ರಿಂದ ಮೈಲ್ಡ್ ಹೈಬ್ರಿಡ್‌ಗಳಿಗೆ ಅದು ನಿಂತಿತು. ನನ್ನ ಪ್ರಕಾರ ನಿಂತಿದ್ದೇ ಸರಿ. ಎಂಜಿನ್‌ಗೆ ಒಂಚೂರು ಕೈ ಕೊಡೋ ಬ್ಯಾಟರಿಗೂ, ಕಾರನ್ನೇ ಓಡಿಸೋ ಬ್ಯಾಟರಿಗೂ ಒಂದೇ ಹೆಸರು ಕೊಟ್ಟರೆ ಗೊಂದಲ ಆಗದೆ ಇರುತ್ತಾ? ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 2022ರಿಂದ ಹೈರೈಡರ್ ಕಾರನ್ನ ಎರಡೂ ರೀತಿ ಮಾಡ್ತಿದ್ದಾರೆ. ಒಂದರಲ್ಲಿ 12 ವೋಲ್ಟ್ ಸಹಾಯ. ಇನ್ನೊಂದರಲ್ಲಿ ನೂರಕ್ಕೂ ಹೆಚ್ಚು ವೋಲ್ಟ್‌ನ ಬ್ಯಾಟರಿ, ಸ್ವಲ್ಪ ದೂರ ಬರೀ ಕರೆಂಟಲ್ಲೇ ಹೋಗುತ್ತೆ.

ನಮ್ಮ ರೋಡಿಗೆ ಇದರಿಂದ ಲಾಭ ಇದೆಯಾ? ಜಾವಗಲ್ ಮೇಲೆ ಹಳೇಬೀಡಿಗೆ ಹೋಗ್ತಾ ಕಾಯಿಸೋ ಸಿಗ್ನಲ್ ಒಂದೂ ನೆನಪಾಗ್ತಿಲ್ಲ. ಹಾಗಾಗಿ ಎಂಜಿನ್ ನಿಲ್ಲೋದು ಕಮ್ಮಿ. ನಿಲ್ಲಬೇಕು ಅಂದ್ರೂ ಗೇರ್ ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಡಬೇಕು, ಅದನ್ನ ಎಷ್ಟು ಜನ ಮಾಡ್ತಾರೆ? ಹಂಪ್‌ಗಳಿಗೆ ಮಾತ್ರ ಬರ ಇಲ್ಲ. ಪ್ರತಿ ಹಂಪ್‌ಗೆ ವೇಗ ಇಳಿಸಿದಾಗ ಲಿಥಿಯಂಗೆ ಒಂಚೂರು ಜಮಾ ಆಗುತ್ತೆ.

ಸೆಕೆಂಡ್ ಹ್ಯಾಂಡ್ ಎರ್ಟಿಗಾ ತಗೊಳ್ಳೋ ಪ್ಲಾನ್ ಇದ್ದರೆ ಒಂದು ಕೆಲಸ ಮಾಡಿ: ಬಾನೆಟ್ ಒಳಗಿನ ಬ್ಯಾಟರಿ ಒಂದನ್ನೇ ನೋಡಿ ಸುಮ್ಮನಾಗಬೇಡಿ, ಲಿಥಿಯಂದು ಬದಲಿಸೋಕೆ ಎಷ್ಟಾಗುತ್ತೆ ಅಂತ ಸರ್ವೀಸ್ ಸೆಂಟರ್‌ನಲ್ಲಿ ಕೇಳಿ, ಆಮೇಲೆ ರೇಟ್ ಮಾತಾಡಿ.