ನಾಗಸ್ವರ

ದಕ್ಷಿಣ ಭಾರತದ ದೇವಾಲಯ, ಮದುವೆ, ಮೆರವಣಿಗೆಗಳ ಮಂಗಳವಾದ್ಯ. ನಾದಸ್ವರ ಎಂದೂ ಕರೆಯುತ್ತಾರೆ. ಶಹನಾಯಿಯ ಬಳಗಕ್ಕೆ ಸೇರಿದ್ದಾದರೂ ಅದಕ್ಕಿಂತ ಉದ್ದ, ದನಿಯೂ ಜೋರು. ರಥಬೀದಿಯ ಗದ್ದಲದ ನಡುವೆಯೂ ಕೇಳಿಸಬೇಕಾದ ವಾದ್ಯವಿದು. ಮೈಕು ಇದಕ್ಕೆ ಬೇಕಿರಲಿಲ್ಲ.

ಕೆಳಕ್ಕೆ ಹೋದಂತೆ ಅಗಲವಾಗುವ ಮರದ ಕೊಳವೆ, ತುದಿಯಲ್ಲಿ ಅಣಸು ಎಂಬ ಗಂಟೆಯಾಕಾರದ ಬಾಯಿ, ಬಾಯಿಗಿಡುವ ಕಡೆ ಜೊಂಡಿನಿಂದ ಮಾಡಿದ ಸೀವಾಳಿ. ಬೆರಳಾಡುವುದು ಏಳು ರಂಧ್ರಗಳ ಮೇಲೆ. ಕೆಳಗಿನ ಐದು ರಂಧ್ರಗಳು ಶ್ರುತಿ ಸರಿಪಡಿಸಲು. ಬೇಕಾದಷ್ಟನ್ನು ಮೇಣದಿಂದ ಮುಚ್ಚುತ್ತಾರೆ. ಗಮಕವೆಲ್ಲ ಉಸಿರು, ತುಟಿ, ಬೆರಳುಗಳ ಹಿಡಿತದಲ್ಲಿದೆ. ಕುಂಭಕೋಣದ ಬಳಿಯ ನರಸಿಂಗಂಪೇಟೆ ಇದರ ತಯಾರಿಕೆಗೆ ಹೆಸರಾದ ಊರು. ಹಳೆಯ ಮನೆಗಳನ್ನು ಕೆಡವಿದಾಗ ಸಿಗುವ, ಚೆನ್ನಾಗಿ ಒಣಗಿದ ಆಚಾ ಮರದ ತೊಲೆಗಳೆಂದರೆ ಅಲ್ಲಿನ ಕುಶಲಕರ್ಮಿಗಳಿಗೆ ಬಲು ಇಷ್ಟ. ಇಲ್ಲಿನ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಉತ್ಸವಮೂರ್ತಿ ಹೊರಡುವಾಗ ಸಾಹಿತ್ಯವಿಲ್ಲದ ಮಲ್ಲಾರಿಯನ್ನು ಗಂಭೀರನಾಟ ರಾಗದಲ್ಲಿ ನುಡಿಸುವುದು ತಮಿಳು ದೇವಾಲಯಗಳ ಸಂಪ್ರದಾಯ. ಕನ್ನಡನಾಡಿನ ಮದುವೆಯಲ್ಲಿ ಪುರೋಹಿತರು ‘ಗಟ್ಟಿಮೇಳ’ ಎಂದು ಕೂಗಿದೊಡನೆ ವಾಲಗದವರು ನುಡಿಸುತ್ತಿದ್ದ ಕೀರ್ತನೆಯನ್ನು ಅಲ್ಲಿಗೇ ಬಿಟ್ಟು ಬಿರುಸು ಹಿಡಿಯುತ್ತಾರೆ. ತಾಳಿ ಕಟ್ಟುವ ಹೊತ್ತಿಗೆ ಸೀನಾಗಲಿ, ಕೆಟ್ಟ ಮಾತಾಗಲಿ ಕಿವಿಗೆ ಬೀಳಬಾರದೆಂಬ ನಂಬಿಕೆ ಇದರ ಹಿಂದಿದೆ. ಆ ಕೀರ್ತನೆಯನ್ನು ಕೂತು ಕೇಳುವವರು ಮಾತ್ರ ಕಡಿಮೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಾದ್ಯದ ದಾರಿ ಬದಲಿಸಿದವರು ತಿರುವಾವಡುದುರೈ ಟಿ. ಎನ್. ರಾಜರತ್ನಂ ಪಿಳ್ಳೆ (1898–1956). ಅವರ ತೋಡಿ ರಾಗದ ಆಲಾಪನೆ ಇಂದಿಗೂ ಮಾದರಿ. ಮೊದಲು ಬಳಕೆಯಲ್ಲಿದ್ದದ್ದು ಮೇಲಿನ ಶ್ರುತಿಯ ಗಿಡ್ಡ ‘ತಿಮಿರಿ’. ಅದರ ಬದಲು ತಗ್ಗಿನ ಶ್ರುತಿಯ ಉದ್ದ ‘ಬಾರಿ’ ನೆಲೆಗೊಂಡದ್ದು ಅವರಿಂದ. ಅದನ್ನು ರೂಪಿಸಿಕೊಟ್ಟವರು ನರಸಿಂಗಂಪೇಟೆಯ ರಂಗನಾಥನ್ ಆಚಾರಿ. ಹೀಗೆ ಬೀದಿಯ ವಾದ್ಯ ಕಛೇರಿಗೂ ಒಗ್ಗಿತು. ಆಂಧ್ರದಿಂದ ಬಂದು ಶ್ರೀರಂಗದಲ್ಲಿ ನೆಲೆಸಿದ ಶೇಖ್ ಚಿನ್ನ ಮೌಲಾನಾ (1924–1999) ಮುಂದಿನ ಪೀಳಿಗೆಯ ದೊಡ್ಡ ಹೆಸರು. ಮುಸ್ಲಿಂ ಮನೆತನದ ಈ ವಿದ್ವಾಂಸರಿಗೆ ದೇವಾಲಯದ ಸೇವೆ ವಂಶಪಾರಂಪರ್ಯವಾಗಿ ಬಂದದ್ದು.

ಕರಾವಳಿಯ ಕಥೆ ಬೇರೆ. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ, ಅದನ್ನೇ ಕರ್ನಾಟಕ ಸಂಗೀತಕ್ಕೆ ಪಳಗಿಸಿದರು. ಅವರ ಯಶಸ್ಸಿನ ನಂತರ ಆ ಜಿಲ್ಲೆಯ ಮದುವೆ, ಜಾತ್ರೆಗಳಲ್ಲಿ ನಾಗಸ್ವರದ ಜಾಗವನ್ನು ಬಹುಮಟ್ಟಿಗೆ ಸ್ಯಾಕ್ಸೋಫೋನ್ ಹಿಡಿಯಿತು. ಪಕ್ಕವಾದ್ಯ ಮಾತ್ರ ಬದಲಾಗಲಿಲ್ಲ, ನಾಗಸ್ವರದ ಜೊತೆಗಿದ್ದ ಡೋಲೇ ಉಳಿಯಿತು.