ಚಿನ್ನದ ಗಣಿ ಮತ್ತು ಉಸಿರಿನ ಬೆಲೆ

ಕೋಲಾರದ ಚಿನ್ನದ ಗಣಿಯೆಂದರೆ ಶಾಲೆಯ ಪಾಠದಲ್ಲಿ ಬರುವುದು ಇಷ್ಟು: 1880ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿಯ ಕೈಯಲ್ಲಿ ಗಣಿಗಾರಿಕೆ ಬೆಳೆಯಿತು; 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು; ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆ ಆಳದಲ್ಲಿ ನಿಂತು ಕಲ್ಲು ಕೊರೆದವರ ಎದೆಗೂಡಿನ ಕಥೆ ಮಾತ್ರ ಪಾಠದಲ್ಲಿ ಬರುವುದಿಲ್ಲ.

ಅಲ್ಲಿ ಚಿನ್ನವಿದ್ದದ್ದು ಬೆಣಚು ಕಲ್ಲಿನಲ್ಲಿ. ಕಲ್ಲು ಕೊರೆದು ಸಿಡಿಸಿದಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದು, ಗಾಯ ಮಾಡಿ, ಮೆತ್ತಗಿರಬೇಕಾದ ಅಂಗವನ್ನು ಗಡುಸು ಮಾಡುತ್ತದೆ. ಇದೇ ಸಿಲಿಕೋಸಿಸ್. ಇದು ಸಾಮಾನ್ಯವಾಗಿ ಹತ್ತಾರು ವರ್ಷ ದುಡಿದ ಮೇಲೆ ಹೊರಗೆ ಕಾಣಿಸಿಕೊಳ್ಳುತ್ತದೆ. ವಾಸಿಯಾಗುವ ಮದ್ದಿಲ್ಲ, ಗಣಿ ಬಿಟ್ಟು ಬಂದರೂ ರೋಗ ಬಿಡುವುದಿಲ್ಲ. ಮೇಲಾಗಿ ಕ್ಷಯವೂ ಬೇಗ ಅಂಟುತ್ತದೆ.

ಮೈಸೂರು ಸರ್ಕಾರ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ಅಲ್ಲಿಂದ 1946ರವರೆಗೆ ಏಳೂವರೆ ಸಾವಿರಕ್ಕೂ ಹೆಚ್ಚು ಗಣಿ ಕೆಲಸಗಾರರನ್ನು ಪರೀಕ್ಷಿಸಿದಾಗ 100ಕ್ಕೆ 40ಕ್ಕೂ ಮಿಕ್ಕಿ ಜನರಲ್ಲಿ ಈ ರೋಗವಿತ್ತು. ಅಂದರೆ ಪರೀಕ್ಷಿಸಿದ ಐವರಲ್ಲಿ ಇಬ್ಬರಿಗೂ ಮಿಕ್ಕಿ.

ಕೈ ಮುರಿದವನ ಕಷ್ಟ ಊರಿಗೆಲ್ಲ ಕಾಣುತ್ತದೆ. ಉಸಿರು ಸೋತವನದು ಕಾಣುವುದಿಲ್ಲ. ಕೂತಾಗ ನೋಡಿದರೆ ಗಟ್ಟಿಮುಟ್ಟಾಗಿಯೇ ಇರುತ್ತಾನೆ. ಎದ್ದು ನಾಲ್ಕು ಮೆಟ್ಟಿಲು ಹತ್ತಿದರೆ, ಎರಡು ಕೊಡ ನೀರು ಹೊತ್ತರೆ ನಿಜ ಗೊತ್ತಾಗುತ್ತದೆ. ಅಂಥವನಿಗೆ ಸುಲಭವಾಗಿ ಸಿಗುವ ಬಿರುದು 'ಮೈಗಳ್ಳ'. ಅವನ ಕೂಲಿ ನಿಂತ ದಿನದಿಂದ ಹೆಂಡತಿ ಹೊರಗೂ ದುಡಿಯಬೇಕು, ಮನೆಯಲ್ಲಿ ರಾತ್ರಿಯೆಲ್ಲ ಅವನ ಬೆನ್ನು ನೀವುತ್ತಲೂ ಕೂರಬೇಕು. ಮಗ ಓದು ಬಿಟ್ಟು ಕೆಲಸ ಹುಡುಕಬೇಕು. ಒಬ್ಬನ ಉಸಿರು ಕುಗ್ಗಿದರೆ ಮನೆಮಂದಿಯೆಲ್ಲ ಏದುಸಿರು ಬಿಡುತ್ತಾರೆ.

1923ರ ಕೆಲಸಗಾರರ ಪರಿಹಾರ ಕಾಯಿದೆ ಕಾಯಂ ಊನವನ್ನು ಅಳೆದದ್ದು ಗಳಿಕೆಯ ಶಕ್ತಿ ಎಷ್ಟು ಕಡಿಮೆಯಾಯಿತು ಎಂಬ ಲೆಕ್ಕದಲ್ಲಿ. ಅಷ್ಟಾದರೂ ದೊರೆತದ್ದು ದೊಡ್ಡದೇ. ಆದರೆ ಈ ಅಳತೆಗೋಲನ್ನು ನಮ್ಮ ಅಡುಗೆಮನೆಗೆ ತಂದು ನೋಡಿ. ಸೌದೆ, ಬೆರಣಿಯ ಹೊಗೆಯಲ್ಲಿ ಮೂವತ್ತು ನಲವತ್ತು ವರ್ಷ ಒಲೆ ಊದಿದ ಹೆಂಗಸರಿಗೂ ದೀರ್ಘಕಾಲದ ಶ್ವಾಸಕೋಶದ ರೋಗ ಬರುತ್ತದೆ. ಬೀಡಿ ಮುಟ್ಟದವರಿಗೂ ಬರುತ್ತದೆ. ಅವರ ದುಡಿಮೆಗೆ ಕೂಲಿಯೇ ಇಲ್ಲ. ಗಳಿಕೆಯೇ ಇಲ್ಲದ ಮೇಲೆ ಗಳಿಕೆಯ ನಷ್ಟವನ್ನು ಯಾರು ಬರೆದುಕೊಳ್ಳುತ್ತಾರೆ? ಅಂಗಳ ಗುಡಿಸುತ್ತ ಅರ್ಧಕ್ಕೆ ನಿಂತು, ಕಂಬ ಹಿಡಿದು ಸುಧಾರಿಸಿಕೊಳ್ಳುವ ಅತ್ತೆಯನ್ನು ಕಂಡು "ವಯಸ್ಸಾಯಿತಲ್ಲ" ಎಂದು ಸುಮ್ಮನಾಗುತ್ತೇವೆ.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿಯವರ ಉಸಿರಿಗೆ ತಡವಾಗಿಯಾದರೂ ಒಂದು ಹೆಸರು, ಒಂದು ನಿಯಮ, ಒಂದು ಲೆಕ್ಕ ಬಂದಿತ್ತು. ಅಡುಗೆಮನೆಯ ಏದುಸಿರಿಗೆ ಇನ್ನೂ 'ವಯಸ್ಸು' ಎಂದೇ ಹೆಸರು. ಊದಿಸಿ ಉಸಿರಿನ ಬಲ ಅಳೆಯುವ ಪರೀಕ್ಷೆ ಆಸ್ಪತ್ರೆಗಳಲ್ಲಿದೆ. ಮೊದಲು ಅತ್ತೆಯ ಕೈಯಿಂದ ಪೊರಕೆ ಇಸಿದುಕೊಂಡು, ಆಮೇಲೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗೋಣ.