ಕ್ಯಾಪ್ಸೈಸಿನ್

ಮೆಣಸಿನಕಾಯಿಯ ಖಾರಕ್ಕೆ ಮುಖ್ಯ ಕಾರಣವಾದ ರಾಸಾಯನಿಕ. ನೋವು ನಿವಾರಕವೂ ಹೌದು. ಇದು ಹೆಚ್ಚಾಗಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ (ಕಡ್ಡಿ, ಡಬ್ಬಿ ಎಂಬ ಬಗೆಗಳು; ಭೌಗೋಳಿಕ ಸೂಚಿಕೆ 2011) ಬೆಲೆ ಬರುವುದು ಕಡುಗೆಂಪು ಬಣ್ಣದಿಂದ. ಖಾರ ಕಡಿಮೆಯಾದ್ದರಿಂದ ಔಷಧದ ಲೆಕ್ಕದಲ್ಲಿ ಅದು ಹಿಂದೆಯೇ.

1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ ಖಾರಕ್ಕೆ ಸ್ಪಂದಿಸುವ ನರಗ್ರಾಹಕ ಟಿಆರ್‌ಪಿವಿ1 ಅನ್ನು ಗುರುತಿಸಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೂ ಇದೇ ಗ್ರಾಹಕ ತೆರೆದುಕೊಳ್ಳುತ್ತದೆ. ಬಾಯಿ ‘ಉರಿಯುವುದು’ ಬರೀ ಮಾತಲ್ಲ. ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಅನ್ನು ಆರ್ಡೆಮ್ ಪಟಪೂಟಿಯನ್ ಜೊತೆ ಹಂಚಿಕೊಂಡರು.

ಹೆಚ್ಚು ಪ್ರಮಾಣದ ಕ್ಯಾಪ್ಸೈಸಿನ್ ಚರ್ಮದ ನೋವಿನ ನರತುದಿಗಳನ್ನು ಮೊದಲು ಕೆರಳಿಸಿ, ಆಮೇಲೆ ತಿಂಗಳುಗಟ್ಟಲೆ ಮಂಕಾಗಿಸುತ್ತದೆ. ಸರ್ಪಸುತ್ತಿನ ನಂತರದ ನೋವಿಗೆ ಶೇ 8ರಷ್ಟು ಕ್ಯಾಪ್ಸೈಸಿನ್ ಇರುವ ಅಂಟುಪಟ್ಟಿಯನ್ನು ಅಮೆರಿಕ 2009ರಲ್ಲಿ ಒಪ್ಪಿತು. ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಮೇಲೂ ಉಳಿಯುವ ನರನೋವಿಗೂ ವೈದ್ಯರು ಇದನ್ನು ಬಳಸುತ್ತಾರೆ. ಹಸಿ ಗಾಯಕ್ಕೆ ಸಲ್ಲದು. ಪಾದಕ್ಕೆ 30 ನಿಮಿಷ, ಉಳಿದೆಡೆ 60 ನಿಮಿಷ ಹಚ್ಚಿಡಬೇಕು. ಆಗಿನ ಉರಿಗೆ ಹೆದರಿ ರೋಗಿ ಪಟ್ಟಿ ಕಿತ್ತುಹಾಕದಂತೆ ಮೊದಲೇ ತಿಳಿಹೇಳಿ, ತಂಪು ಪಟ್ಟು ಇಡುವುದುಂಟು. ಹಚ್ಚುವವರಿಗೆ ನೈಟ್ರೈಲ್ ಕೈಗವಸು ಕಡ್ಡಾಯ, ಲ್ಯಾಟೆಕ್ಸ್ ಸಾಲದು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದ, ಎಣ್ಣೆಯಲ್ಲಿ ಕರಗುವ ವಸ್ತು. ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈಯನ್ನು ಬರೀ ನೀರಲ್ಲಿ ತೊಳೆದರೆ ಉರಿ ಹೋಗದಿರುವುದೂ ಇದರಿಂದಲೇ.